‘ಅನರ್ಹ’ ಎಂದಾಗ ಕಡಿಮೆ ಬಿದ್ದದ್ದು ಏನು?

ನಾನು ಹುಟ್ಟಿದ್ದು ಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಒಂದರಿಂದ ಹತ್ತನೇ ತರಗತಿವರೆಗೆ ಓದಿದ್ದೂ ಹಳ್ಳಿ ಶಾಲೆಗಳಲ್ಲೇ. ಡಿಗ್ರಿ ಮುಗಿದ ಮೇಲೆ ಸರ್ಕಾರಿ ಕೆಲಸಕ್ಕೆ ಓದಲು ಬೆಂಗಳೂರಿಗೆ ಬಂದು, ವಿಜಯನಗರದ ಒಂದು ಪಿಜಿಯಲ್ಲಿ ನಾಲ್ಕು ವರ್ಷ ಇದ್ದೆ. ಅಷ್ಟು ಓದಿದ ಮೇಲೆ ಒಂದು ಇಲಾಖೆಯ ಪಟ್ಟಿಯಲ್ಲಿ ನನ್ನ ನೋಂದಣಿ ಸಂಖ್ಯೆಯ ಮುಂದೆ ‘ಗ್ರಾಮೀಣ ಮೀಸಲಾತಿಗೆ ಅನರ್ಹ’ ಎಂದು ಬಂತು.

ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಹಳ್ಳೀಲೇ ಹುಟ್ಟಿ ಹಳ್ಳೀಲೇ ಓದಿದೋನು ಗ್ರಾಮೀಣಕ್ಕೆ ಅನರ್ಹ ಅಂದ್ರೆ ಹೆಂಗಪ್ಪಾ?”

ಕಾರಣ ಇಷ್ಟೇ. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರು ಸಹಿ ಹಾಕಬೇಕು. ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಮೇಲುಸಹಿ ಹಾಕಬೇಕು. ಮೇಷ್ಟ್ರ ಸಹಿ ಸಮಯಕ್ಕೆ ಸಿಕ್ಕಿತ್ತು. ಮೇಲುಸಹಿ ಬಿದ್ದದ್ದು ಅರ್ಜಿಯ ಕೊನೆಯ ದಿನ ಕಳೆದು ನಾಲ್ಕು ದಿನಕ್ಕೆ. ಆ ನಾಲ್ಕು ದಿನದಿಂದಾಗಿ ಹತ್ತು ವರ್ಷದ ಹಳ್ಳಿ ಶಾಲೆ ಲೆಕ್ಕಕ್ಕೇ ಬರಲಿಲ್ಲ. ಮೀಸಲಾತಿ ಹೋಯಿತು. ಕಟ್‌ಆಫ್‌ಗೆ ಒಂದೂವರೆ ಅಂಕ ಕಡಿಮೆ ಬಿತ್ತು.

ತಪ್ಪು ನನ್ನದೂ ಇತ್ತು. ಅಧಿಸೂಚನೆ ಬಂದ ದಿನವೇ ಊರಿನ ಬಸ್ಸು ಹತ್ತಬೇಕಿತ್ತು. ಆದರೆ ಅಪ್ಪನ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಈಗ ಖಾಸಗಿ ಕೆಲಸದಲ್ಲಿದ್ದೇನೆ. ಭಾನುವಾರ ಬಿಡುವಾದಾಗ ಹಂಪಿನಗರದ ಗ್ರಂಥಾಲಯದ ಕಡೆ ಹೋಗಿ, ಅಲ್ಲಿ ಓದುವ ಹುಡುಗ ಹುಡುಗಿಯರಿಗೆ ಅರ್ಜಿ ತುಂಬಲು ಕೈಲಾದ ಸಹಾಯ ಮಾಡುತ್ತೇನೆ. ವರ್ಷಕ್ಕೆ ಒಂದಷ್ಟು ಮಂದಿಯಾದರೂ ಇದೇ ಪದ ಹಿಡಿದುಕೊಂಡು ಬರುತ್ತಾರೆ. ಅನರ್ಹ. ಅವರಲ್ಲಿ ಹೆಚ್ಚಿನವರಿಗೆ ಪರೀಕ್ಷೆಯಲ್ಲಿ ಒಳ್ಳೆ ಅಂಕವೇ ಬಂದಿರುತ್ತದೆ.

ಕನ್ನಡದಲ್ಲಿ ಈ ಪದಕ್ಕೆ ಒಂದು ತೊಂದರೆ ಇದೆ. ಕಚೇರಿಯಲ್ಲಿ ‘ಅನರ್ಹ’ ಎಂದರೆ ನಿಯಮದ ಯಾವುದೋ ಒಂದು ಷರತ್ತು ಪೂರೈಸಿಲ್ಲ ಎಂದಷ್ಟೇ ಅರ್ಥ. ಮನೆಯಲ್ಲಿ ಕೇಳಿಸುವುದು ‘ಯೋಗ್ಯತೆ ಇಲ್ಲ’ ಎಂದು. ಯೋಗ್ಯತೆ ಇಲ್ಲ ಎನ್ನುವುದು ನಮ್ಮಲ್ಲಿ ಬೈಗುಳ. ಊರಿನಲ್ಲಿ ಯಾರಾದರೂ “ಏನಾಯ್ತು ನಿಮ್ಮ ಹುಡುಗನ ಕೆಲಸ?” ಎಂದು ಕೇಳಿದರೆ ಅಪ್ಪ ಅಮ್ಮ ಬಿಇಒ ಮೇಲುಸಹಿಯ ದಿನಾಂಕವನ್ನು ವಿವರಿಸುತ್ತಾ ಕೂರುವುದಿಲ್ಲ. ಸುಮ್ನೆ ತಲೆ ತಗ್ಗಿಸುತ್ತಾರೆ. ಹಾಗಾಗಿ ಈ ಪದದ ಒಳಗೆ ಏನೇನು ಅಡಗಿದೆ ಎಂದು ಬಿಡಿಸಿ ನೋಡುವುದು ಮುಖ್ಯ ಎಂದು ನನಗೆ ಅನ್ನಿಸುತ್ತದೆ.

ಮೊದಲು ವಯಸ್ಸು. ರಾಜ್ಯದಲ್ಲಿ ಸಾಮಾನ್ಯ ನಿಯಮದ ಪ್ರಕಾರ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳ ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40. ಓದುವವನು ಏನೂ ತಪ್ಪು ಮಾಡದೆ ಅನರ್ಹನಾಗುವುದು ಇಲ್ಲಿ. ಕೆಎಎಸ್ ಹುದ್ದೆಗಳನ್ನೇ ನೋಡಿ. 2020ರಲ್ಲಿ 106 ಹುದ್ದೆಗೆ ಅಧಿಸೂಚನೆ ಬಂತು. ಮುಂದಿನದು ಬಂದದ್ದು 2024ರಲ್ಲಿ, 384 ಹುದ್ದೆಗೆ. ನಡುವಿನ ನಾಲ್ಕು ವರ್ಷ ಯಾರ ವಯಸ್ಸೂ ನಿಂತಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಮತ್ತೊಂದು ತಡೆ ಬಿತ್ತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು ಸಂಪುಟ ನಿರ್ಧರಿಸಿತು. ಒಳಮೀಸಲಾತಿ ನ್ಯಾಯವಾದ ಬೇಡಿಕೆ, ಅದಕ್ಕಾಗಿ ದಶಕಗಳ ಹೋರಾಟ ನಡೆದಿದೆ. ಆದರೆ ತೀರ್ಮಾನ ಆಗುವಷ್ಟರಲ್ಲಿ 2025ರ ಆಗಸ್ಟ್ ಬಂದಿತ್ತು. ಅಷ್ಟರಲ್ಲಿ ಎಷ್ಟೋ ಜನ ಮಿತಿ ದಾಟಿಬಿಟ್ಟಿದ್ದರು. ಆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಒಂದು ಬಾರಿಗೆ 3 ವರ್ಷದ ಸಡಿಲಿಕೆ ಕೊಟ್ಟಿತು. ಅದು ಬೇಕೇ ಬೇಕಿತ್ತು. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇರುವಾಗ, ಕರೆಯದೇ ಇದ್ದ ವರ್ಷಗಳನ್ನು ಅಭ್ಯರ್ಥಿಯ ಲೆಕ್ಕಕ್ಕೆ ಹಾಕುವುದು ಯಾವ ನ್ಯಾಯ?

ಎರಡನೆಯದು ಓದಿಗೆ ಸಂಬಂಧಿಸಿದ್ದು. ಇದು ಹೊರಗಿನಿಂದ ನೋಡಲು ಸರಳ, ಒಳಗೆ ಹೋದರೆ ಬಲು ಸಿಕ್ಕು. ಪ್ರತಿ ಹುದ್ದೆಗೂ ಆಯಾ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮ ಇರುತ್ತದೆ. ಓದುವ ಹುಡುಗರು ಇದನ್ನು ‘ಸಿ ಅಂಡ್ ಆರ್’ ಎನ್ನುತ್ತಾರೆ. ಯಾವ ಪದವಿ, ಯಾವ ವಿಷಯ, ಎಷ್ಟು ಅಂಕ ಎಂಬುದೆಲ್ಲ ಅದರಲ್ಲೇ ಬರೆದಿರುತ್ತದೆ. ಅಧಿಸೂಚನೆ ಹೊರಡಿಸುವ ಲೋಕಸೇವಾ ಆಯೋಗ (ಕೆಪಿಎಸ್‌ಸಿ) ಆಗಲಿ ಪರೀಕ್ಷಾ ಪ್ರಾಧಿಕಾರ (ಕೆಇಎ) ಆಗಲಿ ಅದನ್ನು ಬದಲಿಸುವಂತಿಲ್ಲ. ಪರೀಕ್ಷೆ ನಡೆಸುವುದು ಒಬ್ಬರು, ಅರ್ಹತೆ ಬರೆದವರು ಇನ್ನೊಬ್ಬರು. ಹಾಗಾಗಿ ಆಯೋಗದ ಕಚೇರಿ ಇರುವ ಉದ್ಯೋಗ ಸೌಧಕ್ಕೆ ಹೋಗಿ ಕೇಳಿದರೆ ಇಲಾಖೆಯನ್ನು ಕೇಳಿ ಎನ್ನುತ್ತಾರೆ, ಇಲಾಖೆಗೆ ಹೋದರೆ ಆಯೋಗವನ್ನು ಕೇಳಿ ಎನ್ನುತ್ತಾರೆ. ಎರಡೂ ಕಡೆಯವರು ಹೇಳುವುದರಲ್ಲಿ ಅರ್ಧ ನಿಜ ಇರುತ್ತದೆ.

ಬಹಳ ಜನ ಎಡವುವುದು ಒಂದು ನಂಬಿಕೆಯಲ್ಲಿ. ಜಾಸ್ತಿ ಓದಿದ್ದರೆ ಕಡಿಮೆ ಓದು ಕೇಳುವ ಹುದ್ದೆಗೆ ತಾನಾಗಿಯೇ ಅರ್ಹ ಎಂದುಕೊಳ್ಳುತ್ತಾರೆ. ಡಿಪ್ಲೊಮಾ ಕೇಳಿದ ಕಡೆ ಬಿಇ, ಐಟಿಐ ಕೇಳಿದ ಕಡೆ ಡಿಪ್ಲೊಮಾ ನಡೆಯುತ್ತದೆ ಎಂಬ ಲೆಕ್ಕ. ಕಾನೂನು ಹಾಗೆ ನೋಡುವುದಿಲ್ಲ. ಕೇರಳದ ವಿದ್ಯುತ್ ಮಂಡಳಿಯ ಸಬ್ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಕೇಳಿದ್ದರು. ಬಿ.ಟೆಕ್ ಆದವರನ್ನು ಕೈಬಿಟ್ಟಾಗ 2010ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಕಾರಣ, ಮೇಲಿನ ಓದಿನಲ್ಲಿ ಕೆಳಗಿನ ಓದು ಸೇರಿದ್ದರೆ ಅದನ್ನು ಒಪ್ಪಬಹುದು ಎಂದು ಅಲ್ಲಿನ ನಿಯಮದಲ್ಲೇ ಇತ್ತು. 2018ರಲ್ಲಿ ಜಮ್ಮು ಮತ್ತು ಕಾಶ್ಮೀರದ ಪ್ರಕರಣ ಬಂತು. ಟೆಕ್ನಿಷಿಯನ್ ಹುದ್ದೆಗೆ ಎಸ್‌ಎಸ್‌ಎಲ್‌ಸಿ ಮಟ್ಟದ ಓದಿನ ಜತೆ ಐಟಿಐ ಕೇಳಿದ್ದರು, ಡಿಪ್ಲೊಮಾದವರು ಅರ್ಜಿ ಹಾಕಿದ್ದರು. ಅಲ್ಲಿ ಅಂಥ ನಿಯಮ ಇರಲಿಲ್ಲ. ಯಾವ ಓದು ಯಾವುದಕ್ಕೆ ಸಮ ಎಂಬುದನ್ನು ನೇಮಕ ಮಾಡುವವರೇ ತೀರ್ಮಾನಿಸಬೇಕು ಎಂದು ಅದೇ ಸುಪ್ರೀಂ ಕೋರ್ಟ್ ಹೇಳಿತು. ಡಿಪ್ಲೊಮಾದವರು ಸೋತರು.

ಇನ್ನೂ ಮುಂದೆ ಹೋದ ಪ್ರಕರಣವೂ ಇದೆ. ಒಂದು ಬ್ಯಾಂಕಿನ ಜವಾನ ಹುದ್ದೆಗೆ ಪಿಯುಸಿ ಮಟ್ಟದ ಓದು ಇರಬೇಕು, ಪದವೀಧರರು ಅರ್ಜಿ ಹಾಕುವಂತಿಲ್ಲ ಎಂದಿತ್ತು. ಪದವಿ ಮುಚ್ಚಿಟ್ಟು ಕೆಲಸಕ್ಕೆ ಸೇರಿದ ಯುವಕನನ್ನು ತೆಗೆದದ್ದು ಸರಿ ಎಂದು 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನ ತರ್ಕ ನನಗೆ ಅರ್ಥವಾಗುತ್ತದೆ. ಪಿಯುಸಿಗೆ ನಿಲ್ಲಿಸಿದ ಬಡವರ ಮಕ್ಕಳಿಗೆ ಇರುವ ಕೆಲವೇ ಹುದ್ದೆಗಳನ್ನು ಪದವೀಧರರು ತುಂಬಿಬಿಟ್ಟರೆ ಅವರು ಎಲ್ಲಿಗೆ ಹೋಗಬೇಕು? ಆದರೂ ಜವಾನನಾಗಲು ತನ್ನ ಪದವಿಯನ್ನೇ ಬಚ್ಚಿಡುವ ಸ್ಥಿತಿಗೆ ಒಬ್ಬ ಹುಡುಗ ಬಂದನಲ್ಲ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಪದವಿ ಇದ್ದೂ ಅದಕ್ಕೆ ಬೆಲೆ ಇಲ್ಲದಂತಾದ ಕಥೆ ನಮ್ಮ ರಾಜ್ಯದಲ್ಲೇ ನಡೆದಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಅಷ್ಟು ಹೊತ್ತಿಗೆ 2013-14 ಮತ್ತು 2014-15ರಲ್ಲಿ ಸಾವಿರಾರು ಜನ ಸೇರಿ, ಶುಲ್ಕ ಕಟ್ಟಿ, ಪರೀಕ್ಷೆ ಬರೆದಾಗಿತ್ತು. ದಿನಗೂಲಿ ಮಾಡುತ್ತಾ, ಮನೆಗೆಲಸ ಮಾಡುತ್ತಾ ಓದಿದವರು ಅವರಲ್ಲಿ ಬಹಳ ಜನ. 2018ರಲ್ಲಿ ಮಾನ್ಯತೆ ಮತ್ತೆ ಸಿಕ್ಕಿತು. ಆದರೆ ನಡುವೆ ಸಿಕ್ಕಿಕೊಂಡವರು ಅರ್ಜಿ ಹಾಕುವಾಗೆಲ್ಲ ತಮ್ಮ ಅಂಕಪಟ್ಟಿ ನಡೆಯುತ್ತದಾ ಎಂದು ಕೇಳಬೇಕಾಯಿತು. ಸಂಸ್ಥೆ ಮತ್ತು ಯುಜಿಸಿ ನಡುವಿನ ಜಗಳದಲ್ಲಿ ‘ಅನರ್ಹ’ ಎಂಬ ಹಣೆಪಟ್ಟಿ ಬಿದ್ದದ್ದು ವಿದ್ಯಾರ್ಥಿಗೆ.

ಬಿ.ಎಡ್. ಮಾಡಿದವರ ಪಾಡೂ ಇದಕ್ಕೆ ಹತ್ತಿರದ್ದೇ. ಒಂದರಿಂದ ಐದನೇ ತರಗತಿಗೆ ಕಲಿಸಲು ಬಿ.ಎಡ್. ಆದರೂ ಸಾಕು ಎಂದು 2018ರಲ್ಲಿ ಶಿಕ್ಷಕರ ಅರ್ಹತೆ ನಿಗದಿ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇ ಹೇಳಿತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಚಿಕ್ಕ ಮಕ್ಕಳಿಗೆ ಕಲಿಸಲು ಅದಕ್ಕೆಂದೇ ಇರುವ ಡಿ.ಎಡ್. ತರಬೇತಿ ಬೇಕು ಎಂಬ ಮಾತು ಸರಿಯೇ. ಆದರೆ ಆ ಐದು ವರ್ಷದಲ್ಲಿ ಸರ್ಕಾರದ ಮಾತು ನಂಬಿ ಬಿ.ಎಡ್. ಸೇರಿದವರ ಎದುರು ಒಂದು ಬಾಗಿಲು ಮುಚ್ಚಿತು.

ಮೂರನೆಯದು ಕಾಗದ ಮತ್ತು ದಿನಾಂಕ. ನಾನು ಸಿಕ್ಕಿಬಿದ್ದದ್ದು ಇಲ್ಲಿ. ನನ್ನ ಹತ್ತಿರ ಬರುವವರಲ್ಲೂ ಹೆಚ್ಚಿನವರು ಇಲ್ಲೇ ಸಿಕ್ಕಿಬಿದ್ದವರು.

ಒಬ್ಬ ಅಭ್ಯರ್ಥಿ ಎಷ್ಟು ಕಾಗದ ಹೊಂದಿಸಬೇಕು ಅಂತ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಜಾತಿ ಪ್ರಮಾಣಪತ್ರದಲ್ಲೇ ಬೇರೆ ಬೇರೆ ನಮೂನೆ ಇದೆ. ಪರಿಶಿಷ್ಟರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ಇ, ಉಳಿದ ಹಿಂದುಳಿದ ವರ್ಗಗಳಿಗೆ ಎಫ್. ಜಾತಿ, ಆದಾಯ ಎರಡೂ ಇರುವ ಈ ಎಫ್ ಪತ್ರ ಐದು ವರ್ಷಕ್ಕೆ ಹಳೆಯದಾಗುತ್ತದೆ. ಕನ್ನಡ ಮಾಧ್ಯಮದ 5 ಶೇಕಡಾ ಮೀಸಲಾತಿ ಬೇಕಾದರೆ ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದ ಪತ್ರ ಬೇಕು. ಗ್ರಾಮೀಣ ಮೀಸಲಾತಿ ಕೇಳುವ ಸಾಮಾನ್ಯ ವರ್ಗದವರು ಮೇಲುಸ್ತರಕ್ಕೆ, ಅಂದರೆ ಅನುಕೂಲಸ್ಥರ ಕೆನೆಪದರಕ್ಕೆ, ಸೇರಿಲ್ಲ ಎಂದು ತಹಶೀಲ್ದಾರರಿಂದ ಇನ್ನೊಂದು ಪತ್ರ ತರಬೇಕು. ಬೀದರ್‌ನಿಂದ ಬಳ್ಳಾರಿವರೆಗಿನ ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಮೀಸಲಾತಿಗೆಂದು ಸಂವಿಧಾನದ 371ಜೆ ವಿಧಿಯ ಪತ್ರ ಬೇರೆ. ಕೇಂದ್ರದ ಹುದ್ದೆಗೆ ಅರ್ಜಿ ಹಾಕಿದರೆ ರಾಜ್ಯದ ಒಬಿಸಿ ಪತ್ರ ನಡೆಯುವುದಿಲ್ಲ, ಕೇಂದ್ರದ ನಮೂನೆಯೇ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯ ಕೇಂದ್ರದ ಪಟ್ಟಿಯಲ್ಲಿ ಇರುವುದೂ ಇಲ್ಲ. ಅಲ್ಲಿಗೆ ಒಂದೇ ಮನುಷ್ಯ ವಿಧಾನಸೌಧದ ಲೆಕ್ಕದಲ್ಲಿ ಹಿಂದುಳಿದವನು, ದೆಹಲಿಯ ಲೆಕ್ಕದಲ್ಲಿ ಅಲ್ಲ!

ಯಾದಗಿರಿಯಿಂದ ಬಂದು ಅತ್ತಿಗುಪ್ಪೆಯಲ್ಲಿ ಓದುವ ಹುಡುಗಿಗೆ ಒಂದು ಸಹಿ ಬೇಕಾದರೆ ಎರಡು ರಾತ್ರಿ ಪ್ರಯಾಣ, ಒಂದು ದಿನ ಕಚೇರಿ. ಆ ದಿನ ಸಾಹೇಬರು ಸಭೆಗೆ ಹೋಗಿದ್ದರೆ ಇನ್ನೊಂದು ದಿನ. ಮೆಜೆಸ್ಟಿಕ್‌ನಲ್ಲಿ ಬೆಳಗ್ಗೆ ಬಸ್ಸಿಳಿಯುವ ಹೊತ್ತಿಗೆ ಟೆಸ್ಟ್ ಸೀರೀಸ್ ತಪ್ಪಿರುತ್ತದೆ, ಕೈಯಲ್ಲಿ ಬರೀ ಜೆರಾಕ್ಸ್ ಇರುತ್ತದೆ. ನಗರದಲ್ಲಿ ಓದಿದವರಿಗಿಂತ ಹಳ್ಳಿಯವರಿಗೆ ಹೆಚ್ಚು ಕಾಗದ, ಇಂಗ್ಲಿಷ್ ಮಾಧ್ಯಮದವರಿಗಿಂತ ಕನ್ನಡ ಮಾಧ್ಯಮದವರಿಗೆ ಹೆಚ್ಚು ಕಾಗದ. ಯಾರಿಗೆ ಕೈ ಹಿಡಿಯಲೆಂದು ಮೀಸಲಾತಿ ತಂದರೋ ಅವರ ಮೇಲೇ ಸಾಬೀತುಪಡಿಸುವ ಹೊರೆ ಜಾಸ್ತಿ.

ದಿನಾಂಕದ ನಿಯಮ ಎಲ್ಲಿಂದ ಬಂತು ಎಂದು ತಿಳಿದರೆ ಕೋಪ ಸ್ವಲ್ಪ ಕಡಿಮೆಯಾಗುತ್ತದೆ. ಅರ್ಹತೆಯನ್ನು ಅರ್ಜಿಯ ಕೊನೆಯ ದಿನಕ್ಕೆ ಲೆಕ್ಕ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ಆಯ್ಕೆ ಮಾಡುವ ದಿನಕ್ಕೆ ಲೆಕ್ಕ ಹಾಕುವುದಾದರೆ, ಬೇಕಾದವರಿಗೆ ಪದವಿ ಬರುವವರೆಗೆ ಸಂದರ್ಶನ ಮುಂದೂಡುವ ಆಟ ನಡೆಯಬಹುದು. 2011ರಲ್ಲಿ ಅದೇ ಕೋರ್ಟ್ ಮತ್ತೊಂದು ಮಾತು ಹೇಳಿತು. ಅಧಿಸೂಚನೆಯಲ್ಲಿ ಹೇಳದೆ ಒಬ್ಬರಿಗೆ ಷರತ್ತು ಸಡಿಲಿಸಿದರೆ, ಅದೇ ಷರತ್ತು ನೋಡಿ ಅರ್ಜಿಯನ್ನೇ ಹಾಕದೆ ಸುಮ್ಮನಾದವರಿಗೆ ಮೋಸವಾಗುತ್ತದೆ. ಈ ಮಾತನ್ನು ನಾನು ಒಪ್ಪುತ್ತೇನೆ. ಕೊನೆಯ ದಿನಾಂಕ ಎಂಬುದೇ ಇಲ್ಲದಿದ್ದರೆ ಪ್ರಭಾವ ಇರುವವರ ಕೆಲಸವಷ್ಟೇ ಆಗುತ್ತದೆ.

ಆದರೆ ಇಲ್ಲಿ ಎರಡು ಸಂಗತಿ ಬೆರೆತುಹೋಗಿವೆ. ಕೊನೆಯ ದಿನದೊಳಗೆ ಪದವಿ ಪಾಸಾಗಿರಬೇಕು ಎನ್ನುವುದು ಒಂದು. ಪಾಸಾಗಿರುವುದಕ್ಕೆ ಸಾಕ್ಷಿಯೂ ಆ ದಿನದೊಳಗಿನದೇ ಆಗಿರಬೇಕು ಎನ್ನುವುದು ಇನ್ನೊಂದು. ಮೊದಲನೆಯದು ಅರ್ಹತೆ, ಎರಡನೆಯದು ಬರೀ ಪುರಾವೆ. ನಾನು ಹಳ್ಳಿಯಲ್ಲಿ ಓದಿದ್ದು ಬಿಇಒ ಸಹಿ ಹಾಕಿದ ದಿನದಿಂದ ಅಲ್ಲವಲ್ಲ. ಸುಪ್ರೀಂ ಕೋರ್ಟ್ ಕೂಡ ಈ ವ್ಯತ್ಯಾಸವನ್ನು ಒಮ್ಮೆ ಗುರುತಿಸಿದೆ. ದೆಹಲಿಯ ನೇಮಕಾತಿಯೊಂದರಲ್ಲಿ ಒಬಿಸಿ ಪತ್ರ ತಡವಾಗಿ ಕೊಟ್ಟ ಅಭ್ಯರ್ಥಿಯ ಪರ 2016ರಲ್ಲಿ ತೀರ್ಪು ಕೊಟ್ಟಿತು. ಆಮೇಲಿನ ತೀರ್ಪುಗಳು ಅಷ್ಟು ಉದಾರವಾಗಿಲ್ಲ, ಅಧಿಸೂಚನೆಯಲ್ಲಿ ದಿನಾಂಕ ಸ್ಪಷ್ಟವಾಗಿದ್ದರೆ ಅದೇ ಕೊನೆ ಎಂಬ ಕಡೆಗೆ ವಾಲಿವೆ. ಹಾಗಾಗಿ 2016ರ ತೀರ್ಪನ್ನು ನಂಬಿ ಯಾರೂ ಕೈಕಟ್ಟಿ ಕೂರಬಾರದು.

ಒಂದಂಕಿ ತಪ್ಪಿನ ಪ್ರಕರಣವನ್ನು ಮಾತ್ರ ಇಲ್ಲಿ ಹೇಳಲೇಬೇಕು. ಬಿಹಾರದ ಒಬ್ಬ ಹುಡುಗ ಕಾನ್‌ಸ್ಟೆಬಲ್ ಹುದ್ದೆಗೆ ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸಿದ. ಹುಟ್ಟಿದ ದಿನ ಡಿಸೆಂಬರ್ 18, 1997. ಅರ್ಜಿಯಲ್ಲಿ 8 ಎಂದು ಬಿತ್ತು. ಲಿಖಿತ ಪರೀಕ್ಷೆ ಪಾಸಾದ, ದೈಹಿಕ ಪರೀಕ್ಷೆ ಪಾಸಾದ, ದಾಖಲೆ ನೋಡುವಾಗ ಹೊರಗೆ ಹಾಕಿದರು. ಆ ತಪ್ಪಿನಿಂದ ಅವನಿಗೆ ಒಂದಿಷ್ಟೂ ಲಾಭ ಇರಲಿಲ್ಲ, ಎರಡರಲ್ಲಿ ಯಾವ ದಿನ ಇಟ್ಟುಕೊಂಡರೂ ವಯಸ್ಸಿನ ಮಿತಿಯ ಒಳಗೇ ಇದ್ದ. ಇಷ್ಟು ಸಣ್ಣ ತಪ್ಪಿಗೆ ಹೀಗೆ ಮಾಡುವಂತಿಲ್ಲ ಎಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವನ ಪರ ಆದೇಶ ಕೊಟ್ಟಿತು. ನೆಮ್ಮದಿಯ ತೀರ್ಪು. ಆದರೆ ಒಂದು ಅಂಕಿಗಾಗಿ ಹಳ್ಳಿಯ ಹುಡುಗ ದೆಹಲಿಯ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತಲ್ಲ. ವಿಜಯನಗರದ ಸೈಬರ್ ಸೆಂಟರ್‌ಗಳಲ್ಲಿ ಕೊನೆಯ ದಿನದ ಸಂಜೆ ಸರ್ವರ್ ನಿಧಾನವಾಗಿ, ಹಿಂದೆ ಇಪ್ಪತ್ತು ಜನ ನಿಂತಿರುವಾಗ ಹೇಗೆ ಅರ್ಜಿ ತುಂಬುತ್ತಾರೆ ಎಂದು ನೋಡಿದವರಿಗೆ ಇಂಥ ತಪ್ಪು ಅಚ್ಚರಿ ಅನ್ನಿಸುವುದಿಲ್ಲ.

ಈಗ ಹೆಣ್ಣುಮಕ್ಕಳ ವಿಷಯ. 2022ರಲ್ಲಿ ರಾಜ್ಯ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಕೈ ಹಾಕಿತು. ಹಿಂದುಳಿದ ವರ್ಗದ ಮದುವೆಯಾದ ಅನೇಕ ಹೆಣ್ಣುಮಕ್ಕಳು ತಂದೆಯ ಹೆಸರಿನ ಜಾತಿ ಮತ್ತು ಆದಾಯ ಪತ್ರ ಕೊಟ್ಟಿದ್ದರು. ಗಂಡನ ಆದಾಯದ ಪತ್ರ ಕೊಟ್ಟಿಲ್ಲ ಎಂದು ಅವರನ್ನು ಮೀಸಲಾತಿಯಿಂದ ತೆಗೆದು ಸಾಮಾನ್ಯ ವರ್ಗಕ್ಕೆ ಹಾಕಿದರು. ಅವರು ಹೈಕೋರ್ಟ್‌ಗೆ ಹೋದರು. 2023ರ ಜನವರಿಯಲ್ಲಿ ಏಕಸದಸ್ಯ ಪೀಠ ತಂದೆ ತಾಯಿಯ ಆದಾಯದ ಪತ್ರವನ್ನೇ ಪರಿಗಣಿಸಿ ಎಂದಿತು. ಪಟ್ಟಿ ಬದಲಾಯಿತು. ಆಗ ಮೊದಲ ಪಟ್ಟಿಯಲ್ಲಿದ್ದು ಎರಡನೆಯದರಲ್ಲಿ ಹೊರಬಿದ್ದವರು ಮೇಲ್ಮನವಿ ಹಾಕಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ಪಕ್ಕಕ್ಕಿಟ್ಟು, ಇಂಥ ತಕರಾರು ಮೊದಲು ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು ಎಂದಿತು.

ಇದರಲ್ಲಿ ಯಾವ ಗುಂಪಿನದು ತಪ್ಪು? ನನಗೆ ಕಾಣುವಂತೆ ಎರಡೂ ಗುಂಪಿನದಲ್ಲ. ಜಾತಿ ಹುಟ್ಟಿನಿಂದ ಬರುತ್ತದೆ, ಅದರಲ್ಲಿ ತಕರಾರಿಲ್ಲ. ಮೇಲುಸ್ತರ ಲೆಕ್ಕ ಹಾಕಲು ಆದಾಯ ಯಾರದ್ದು ಎಂಬುದೇ ಪ್ರಶ್ನೆ. ಕೇಂದ್ರದ ಒಬಿಸಿ ಲೆಕ್ಕದಲ್ಲಿ ತಂದೆ ತಾಯಿಯ ಆದಾಯ ನೋಡುತ್ತಾರೆ, ಗಂಡನದ್ದಲ್ಲ. ಒಂದೇ ಹುಡುಗಿ ರೈಲ್ವೆಗೆ ಅರ್ಜಿ ಹಾಕುವಾಗ ಅಪ್ಪನ ಪತ್ರ ಕೊಟ್ಟು ಅಭ್ಯಾಸವಾಗಿರುತ್ತದೆ. ರಾಜ್ಯದ ಅರ್ಜಿಗೆ ಏನು ಕೊಡಬೇಕು ಎಂಬುದನ್ನು ಅರ್ಜಿ ತುಂಬುವ ಪುಟದಲ್ಲೇ, ಎದ್ದು ಕಾಣುವಂತೆ, ಒಂದು ಸಾಲಿನಲ್ಲಿ ಬರೆದು ‘ನೀವು ವಿವಾಹಿತರೇ?’ ಎಂದು ಕೇಳಿದ್ದರೆ ಈ ಒಂದು ವರ್ಷದ ಅಲೆದಾಟವೇ ಇರುತ್ತಿರಲಿಲ್ಲ. ಶಾಲೆಗಳಲ್ಲಿ ಮೇಷ್ಟ್ರಿಲ್ಲದೆ ಮಕ್ಕಳು ಕೂತಿದ್ದರು ಎನ್ನುವುದನ್ನೂ ಮರೆಯಬಾರದು.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವ ಮುಖ್ಯ ದೋಷ ನಿಯಮ ಕಠಿಣವಾಗಿರುವುದಲ್ಲ. ಅದನ್ನು ನೋಡುವ ಹೊತ್ತು ತಪ್ಪಾಗಿದೆ. ನಮ್ಮಲ್ಲಿ ಅರ್ಹತೆಯನ್ನು ಕೊನೆಯಲ್ಲಿ ನೋಡುತ್ತಾರೆ. ಅರ್ಜಿ ಹಾಕುವಾಗ ನಾವು ಹೇಳಿದ್ದನ್ನೆಲ್ಲ ನಂಬುತ್ತಾರೆ, ಶುಲ್ಕ ಕಟ್ಟಿಸಿಕೊಳ್ಳುತ್ತಾರೆ, ಹಾಲ್ ಟಿಕೆಟ್ ಕೊಡುತ್ತಾರೆ. ಪರೀಕ್ಷೆಗೆ ಕೂರಿಸಿದ ಮಾತ್ರಕ್ಕೆ ಅರ್ಹರು ಎಂದಲ್ಲ ಎಂಬ ಒಂದು ಸಾಲು ಅಧಿಸೂಚನೆಯಲ್ಲಿ ಎಲ್ಲೋ ಇರುತ್ತದೆ. ಆಮೇಲೆ ಪೂರ್ವಭಾವಿ, ಮುಖ್ಯ ಪರೀಕ್ಷೆ, ಕೀ ಉತ್ತರ, ಆಕ್ಷೇಪಣೆ. ಒಂದು ವರ್ಷ, ಎರಡು ವರ್ಷ ಕಳೆದ ಮೇಲೆ ದಾಖಲೆ ಪರಿಶೀಲನೆ. ಮೊದಲ ದಿನವೇ ಹೇಳಬಹುದಾಗಿದ್ದ ‘ಇಲ್ಲ’ವನ್ನು ಆಗ ಹೇಳುತ್ತಾರೆ. ಕೆಪಿಎಸ್‌ಸಿ ಅರ್ಜಿಗೆ ಸಾಮಾನ್ಯ ವರ್ಗಕ್ಕೆ 600 ರೂಪಾಯಿ, ಹಿಂದುಳಿದ ವರ್ಗಕ್ಕೆ 300. ಅದು ವಾಪಸ್ ಬರುವುದಿಲ್ಲ. ಆದರೆ ನಿಜವಾದ ನಷ್ಟ ಆ ಹಣವಲ್ಲ, ನಡುವೆ ಹೋದ ಎರಡು ವರ್ಷ. ಅಷ್ಟರಲ್ಲಿ ಆ ಹುಡುಗ ಬೇರೆ ಪರೀಕ್ಷೆ ಬರೆಯಬಹುದಿತ್ತು, ಕಾಗದ ಸರಿಮಾಡಿಕೊಳ್ಳಬಹುದಿತ್ತು, ಊರಿಗೆ ಹೋಗಿ ಬೇರೆ ದಾರಿ ನೋಡಬಹುದಿತ್ತು.

ಮೊದಲೇ ಪರಿಶೀಲಿಸುವುದು ಆಗದ ಕೆಲಸವೇ? ಲಕ್ಷಾಂತರ ಅರ್ಜಿ ಬರುತ್ತವೆ, ಅಷ್ಟನ್ನು ಕೈಯಲ್ಲಿ ನೋಡಲಾಗದು ಎಂಬ ಮಾತು ಹಿಂದೆ ಸರಿಯಿತ್ತು. ಈಗ ಅದು ಪೂರ್ತಿ ಒಪ್ಪುವಂಥದ್ದಲ್ಲ. ಮಲ್ಲೇಶ್ವರದ ಕೆಇಎ ಸಿಇಟಿ ಅರ್ಜಿಯನ್ನು ಹೇಗೆ ತೆಗೆದುಕೊಳ್ಳುತ್ತದೆ ನೋಡಿ. ನಾಡಕಚೇರಿಯ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಹಾಕಿದರೆ ಜಾತಿ ಮತ್ತು ಆದಾಯದ ವಿವರ ಕಂದಾಯ ಇಲಾಖೆಯ ದಾಖಲೆಯ ಜತೆ ತಾಳೆಯಾಗುತ್ತದೆ. ಶಾಲೆಯಲ್ಲಿ ಪ್ರತಿ ಮಗುವಿಗೂ ಕೊಡುವ ಸ್ಯಾಟ್ಸ್ ಸಂಖ್ಯೆಯಿಂದ ಶಾಲೆಯ ವಿವರ ಬರುತ್ತದೆ. ಹದಿನೆಂಟು ವರ್ಷದ ಮಗು ಎಂಜಿನಿಯರಿಂಗ್ ಸೀಟಿಗೆ ಅರ್ಜಿ ಹಾಕಿದರೆ ಸರ್ಕಾರ ತನ್ನದೇ ದಾಖಲೆಯನ್ನು ತಾನೇ ನೋಡಿಕೊಳ್ಳುತ್ತದೆ. ಅದೇ ಮಗು ಎಂಟು ವರ್ಷ ಬಿಟ್ಟು ಸರ್ಕಾರಿ ಕೆಲಸಕ್ಕೆ ಬಂದರೆ, ಅದೇ ದಾಖಲೆಯನ್ನು ಮತ್ತೆ ಕಚೇರಿ ಸುತ್ತಿ ತಂದು ಕೊಡು ಎಂದು ಏಕೆ ಹೇಳಬೇಕು? ಹಳೆಯ ಶಾಲಾ ದಾಖಲೆ ಕಂಪ್ಯೂಟರ್‌ಗೆ ಬರದವರು ಇದ್ದಾರೆ, ನನ್ನ ವಯಸ್ಸಿನವರು ಬಹುತೇಕ ಹಾಗೇ. ಅವರಿಗೆ ಒಂದು ಬಾರಿ ನೋಂದಣಿಯ ವೇಳೆ ದಾಖಲೆ ಪರಿಶೀಲಿಸಿ, ಮುಂದಿನ ಎಲ್ಲ ಅರ್ಜಿಗೂ ಅದನ್ನೇ ಒಪ್ಪಬಹುದು.

ಇದರ ಜತೆಗೆ ಎರಡು ಸಣ್ಣ ಬದಲಾವಣೆ ಸಾಕು ಎಂದು ನನಗೆ ಅನ್ನಿಸುತ್ತದೆ. ಅರ್ಹತೆ ನಿಜವಾಗಿ ಇದ್ದು ಪುರಾವೆಯಲ್ಲಿ ಮಾತ್ರ ಕೊರತೆ ಇದ್ದರೆ, ಅದನ್ನು ಸರಿಪಡಿಸಲು ಹದಿನೈದು ದಿನ ಕೊಡುತ್ತೇವೆ ಎಂದು ಅಧಿಸೂಚನೆಯಲ್ಲೇ ಬರೆಯಬೇಕು. ಮೊದಲೇ ಬರೆದರೆ ಯಾರಿಗೂ ಮೋಸವಿಲ್ಲ, ಕೋರ್ಟ್ 2011ರಲ್ಲಿ ಹೇಳಿದ್ದಕ್ಕೂ ವಿರುದ್ಧವಲ್ಲ. ಮತ್ತೆ, ಪಟ್ಟಿಯಲ್ಲಿ ‘ಅನರ್ಹ’ ಎಂಬ ಪದ ಬಿಟ್ಟು ಇರುವುದನ್ನು ಇದ್ದಂತೆ ಬರೆಯಬೇಕು. ‘ಮೇಲುಸಹಿ ದಿನಾಂಕ ತಡ’, ‘ವಯಸ್ಸು ಮೀರಿದೆ’, ‘ಕೇಳಿದ ಐಚ್ಛಿಕ ವಿಷಯ ಓದಿಲ್ಲ’. ಇಷ್ಟು ಬರೆದರೆ ನನ್ನಪ್ಪನಂಥವರು ಊರಿನಲ್ಲಿ ತಲೆ ತಗ್ಗಿಸಬೇಕಾಗಿಲ್ಲ.

ತಪ್ಪು ತಿದ್ದಿಕೊಳ್ಳಲು ಸಮಯ ಕೊಡುವುದು ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. 2024ರ ಆಗಸ್ಟ್ 27ರಂದು ಕೆಎಎಸ್ ಪೂರ್ವಭಾವಿ ಪರೀಕ್ಷೆ ನಡೆಯಿತು. ಕನ್ನಡ ಪ್ರಶ್ನೆಗಳ ಅನುವಾದ ಓದಿದರೆ ಅರ್ಥವೇ ಆಗದ ಹಾಗಿತ್ತು. ಅಭ್ಯರ್ಥಿಗಳು ಬೀದಿಗಿಳಿದರು, ಮುಖ್ಯಮಂತ್ರಿ ಮರುಪರೀಕ್ಷೆಗೆ ಸೂಚಿಸಿದರು, ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ನಡೆಯಿತು. ಆಗಲೂ ಅನುವಾದದ ದೂರು ಬಂತು. ಮರುಪರೀಕ್ಷೆ ಕೊಟ್ಟದ್ದು ಸರಿಯಾದ ಕೆಲಸ. ನಾನು ಕೇಳುವುದು ಇಷ್ಟು: ಆಯೋಗ ತಪ್ಪು ಮಾಡಿದರೆ ಇನ್ನೊಂದು ಅವಕಾಶ ಇದೆ ಎಂದಾದರೆ, ಅಭ್ಯರ್ಥಿ ಒಂದು ದಿನಾಂಕದಲ್ಲಿ ಎಡವಿದಾಗ ಯಾಕೆ ಇಲ್ಲ?

545 ಪಿಎಸ್‌ಐ ಹುದ್ದೆಗಳ ಹಗರಣ ನೆನೆದರಂತೂ ಕರುಳು ಚುರುಕ್ ಎನ್ನುತ್ತದೆ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಒಎಂಆರ್ ಹಾಳೆ ತಿದ್ದಿಸಿಕೊಂಡವರು ಆಯ್ಕೆ ಪಟ್ಟಿಯಲ್ಲಿದ್ದರು. ಕಾಗದದ ಲೆಕ್ಕದಲ್ಲಿ ಅವರೂ ಅರ್ಹರೇ. ವಯಸ್ಸು ಸರಿ, ಪದವಿ ಸರಿ, ಪತ್ರ ಸರಿ. 2022ರ ಏಪ್ರಿಲ್‌ನಲ್ಲಿ ಇಡೀ ಪಟ್ಟಿ ರದ್ದಾಯಿತು. ಆ ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯ ಬಂಧನವೂ ಆಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓಡಿ, ಓದಿ ಪಾಸಾಗಿದ್ದವರೂ ಅದರ ಜತೆ ಎಲ್ಲ ಕಳೆದುಕೊಂಡರು. ಸಹಿಯ ದಿನಾಂಕವನ್ನು ಭೂತಗನ್ನಡಿ ಹಿಡಿದು ನೋಡುವ ವ್ಯವಸ್ಥೆಯ ಕಣ್ಣಿಗೆ ತಿದ್ದಿದ ಹಾಳೆ ಬೀಳಲಿಲ್ಲ ಎಂಬ ನೋವು ವಿಜಯನಗರದ ಪ್ರತಿ ಓದುವ ಕೋಣೆಯಲ್ಲೂ ಇದೆ.

ಈಗ ಪಟ್ಟಿಯಲ್ಲಿ ಆ ಪದ ನೋಡಿ ಕೂತಿರುವವರಿಗೆ ನಾನು ಹೇಳುವುದು ಇಷ್ಟು. ತಾತ್ಕಾಲಿಕ ಪಟ್ಟಿ ಬಂದ ಮೇಲೆ ಆಕ್ಷೇಪಣೆಗೆ ಕೆಲವೇ ದಿನ ಇರುತ್ತದೆ. ಅದನ್ನು ಬಿಡಬೇಡಿ. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರಣ ಹೇಳದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ರಾಜ್ಯದ ಹುದ್ದೆಯಾದರೆ ನೇರ ಹೈಕೋರ್ಟ್‌ಗೆ ಹೋಗುವಂತಿಲ್ಲ, ಮೊದಲು ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿರುವ ಆಡಳಿತ ನ್ಯಾಯಮಂಡಳಿ. ಬೆಳಗಾವಿ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ಆದೇಶ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆದರೆ ಬೇರೆಯವರಿಗೆ ನೇಮಕಾತಿ ಆದೇಶ ಹೋದ ಮೇಲೆ ಎಷ್ಟು ನ್ಯಾಯ ನಿಮ್ಮ ಕಡೆ ಇದ್ದರೂ ದಾರಿ ಕಷ್ಟ. ನಾನು ಆಗ ಎಲ್ಲಿಗೂ ಹೋಗಲಿಲ್ಲ. ವಕೀಲರ ಫೀಸು ಎಷ್ಟಾಗುತ್ತೋ ಎಂಬ ಹೆದರಿಕೆ, ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಆ ನಾಚಿಕೆ ಬೇಕಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಹೋದ ತಿಂಗಳು ಹಂಪಿನಗರದಲ್ಲಿ ಒಬ್ಬ ಹುಡುಗಿ ಸಿಕ್ಕಳು. 2ಎ, ಹಾಸನದ ಕಡೆಯವಳು. ಒಂದು ಅರ್ಜಿಗೆ ಕೊನೆಯ ದಿನ ಹತ್ತಿರ ಬರುತ್ತಿತ್ತು, ಅದಕ್ಕೂ ಐದು ದಿನ ಮೊದಲು ಅವಳ ಮದುವೆ. “ಅಣ್ಣಾ, ಮದುವೆಗೆ ಮೊದಲೇ ಅಪ್ಪನ ಪತ್ರ ಇಟ್ಟು ಅರ್ಜಿ ಹಾಕಿಬಿಡ್ಲಾ? ಆಮೇಲೆ ಗಂಡನದ್ದು ಕೇಳಿದ್ರೆ?” ಎಂದಳು. ಇಬ್ಬರೂ ಕೂತು ಅಧಿಸೂಚನೆಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆವು. ಅದರಲ್ಲಿ ಉತ್ತರ ಇರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದೆವು, ಅಧಿಸೂಚನೆ ನೋಡಿ ಎಂದರು. ಕೊನೆಗೆ ಅವಳು ಈಗಲೇ ಅರ್ಜಿ ಹಾಕಿ, ಮದುವೆಯ ಮರುದಿನವೇ ಗಂಡನ ಊರಿನ ನಾಡಕಚೇರಿಗೆ ಹೋಗಿ ಇನ್ನೊಂದು ಪತ್ರಕ್ಕೂ ಕೊಡುವುದು ಎಂದು ತೀರ್ಮಾನಿಸಿದೆವು. ಮರುದಿನ ಬೀಗರೂಟ ಇದೆಯಂತೆ. ಹುಡುಗನ ಹತ್ತಿರ ಮಾತಾಡಿ ಹೇಳ್ತೀನಿ ಎಂದು ಹೊರಗೆ ಹೋಗಿ ಫೋನ್ ಹಚ್ಚಿದಳು.